ಹುಲ್ಲಿನ ಮೇಲೆ ಬೂದಿ, ಓಡೀಲ್ ಗಿಡ್ರಿಯ ಸಿಟ್ಟು

ಭಾನುವಾರ. ಇನ್ನೂ ಬೆಳಕು ಹರಿದಿಲ್ಲ. ನಿನ್ನೆ ರಾತ್ರಿ ಊರಿಗೆ ಊರೇ ಬಂದು ಗಂಟಲು ಹರಿದುಕೊಂಡ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಈಗ ಇರುವುದು ಒಂದೇ ಸದ್ದು, ಕಸ ಹೀರುವ ಯಂತ್ರದ ಗೊರಗೊರ. ಇಪ್ಪತ್ತು ಗಜದ ಗೆರೆಯ ಪಕ್ಕ ಓಡೀಲ್ ಗಿಡ್ರಿ ಮಂಡಿಯೂರಿ ಕುಳಿತಿದ್ದಾರೆ. ಹಣೆಗೆ ಕಟ್ಟಿಕೊಂಡ ದೀಪದ ಬೆಳಕು ಬಿದ್ದ ಕಡೆ ಗರಿಕೆಯ ಬುಡ ಬೆಳ್ಳಗೆ ಕಾಣುತ್ತದೆ. ಮಗುವಿನ ತಲೆಯಲ್ಲಿ ಹೇನು ಹುಡುಕುವವರ ಹಾಗೆ ಹುಲ್ಲನ್ನು ಬೆರಳಿನಿಂದ ಬಿಡಿಸಿ, ಸಂದುಗಳಿಗೆ ಯಂತ್ರದ ಬಾಯಿ ಹಿಡಿಯುತ್ತಾರೆ.

"ಯಾರದೋ ಅಜ್ಜ" ಎನ್ನುತ್ತಾರೆ, ತಲೆ ಎತ್ತದೆ. "ಅಜ್ಜೀನೂ ಇರಬಹುದು. ನಿನ್ನೆ ಗೆದ್ವಲ್ಲ, ಗೆದ್ದ ದಿನ ಜಾಸ್ತಿ. ಜನ ಬೇಲಿ ಹಾರಿ ಒಳಗೆ ನುಗ್ತಾರೆ, ನುಗ್ಗೋವಾಗ ಜೇಬಲ್ಲಿ ಅಜ್ಜನ್ನೂ ತಂದಿರ್ತಾರೆ."

ಆಟ ನೋಡುತ್ತಲೇ ಬದುಕು ಕಳೆದವರ ಚಿತಾಭಸ್ಮವನ್ನು ಮನೆಯವರು ಕದ್ದು ತಂದು ಈ ಹುಲ್ಲಿನ ಮೇಲೆ ಸುರಿದು ಹೋಗುತ್ತಾರೆ. ಕಾಲುಚೀಲದಲ್ಲಿ ತರುತ್ತಾರೆ, ಪೌಡರ್ ಡಬ್ಬಿಯಲ್ಲಿ ತರುತ್ತಾರೆ, ಒಬ್ಬ ಪುಣ್ಯಾತ್ಮ ಪಾಪ್‌ಕಾರ್ನ್ ಪೊಟ್ಟಣದ ತಳದಲ್ಲಿ ತಂದಿದ್ದನಂತೆ. ಬೂದಿ ಎಂದರೆ ಉಪ್ಪು, ಬಿದ್ದ ಜಾಗದಲ್ಲಿ ಹುಲ್ಲು ಸುಟ್ಟು ಕಂದುತ್ತದೆ. ನೀರು ಹಾಯಿಸಿದರೆ ಗಾರೆಯಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಹಾಗಾಗಿ ಇಬ್ಬನಿ ಇಳಿಯುವ ಮೊದಲೇ ಯಾರಾದರೂ ಮಂಡಿಯೂರಬೇಕು. ಆ ಯಾರಾದರೂ ಅಂದರೆ ಓಡೀಲ್.

"ಸತ್ತೋರ ಮೇಲೆ ನಂಗೆ ಸಿಟ್ಟಿಲ್ಲ. ಪಾಪ, ಅವರೇನು ನಡ್ಕೊಂಡು ಬಂದ್ರಾ? ಬದುಕಿರೋರ ಮೇಲೆ ಸಿಟ್ಟು. ನಾಳೆ ಇದೇ ಜಾಗದಲ್ಲಿ ಯಾವನೋ ಹುಡುಗ ಬೋರಲಾಗಿ ಬೀಳ್ತಾನೆ. ಅವನ ಬಾಯಲ್ಲಿ ಯಾರ ಅಜ್ಜ?"

ಒಮ್ಮೆ ಒಬ್ಬ ಕೈಗೇ ಸಿಕ್ಕಿಬಿದ್ದ. ಕ್ರೀಡಾಂಗಣ ತೋರಿಸಲು ಕರೆತಂದ ಗುಂಪಿನಿಂದ ತಪ್ಪಿಸಿಕೊಂಡು ಬಂದು, ಪ್ಯಾಂಟಿನ ಜೇಬಿನಿಂದ ಬೂದಿ ಸುರಿಯುತ್ತಿದ್ದ. ಕಣ್ಣಲ್ಲಿ ನೀರು ತುಂಬಿಕೊಂಡು, "ಅಪ್ಪನ ಕೊನೇ ಆಸೆ, ಮೇಡಂ" ಎಂದ. ಓಡೀಲ್ ಅವನ ಕೈಗೇ ಪೊರಕೆ ಕೊಟ್ಟರು. "ನಿಮ್ಮಪ್ಪ ಆಸೆ ಪಟ್ಟ, ನೀನು ಸುರಿದೆ, ಗುಡಿಸೋಳು ಮಾತ್ರ ನಾನಾ? ತಗೋ." ಅವನು ಗುಡಿಸಿದ. ಆಮೇಲೆ ಅವರ ಮೇಲೆ ದೂರು ಕೊಟ್ಟ.

ಓಡೀಲ್ ಹುಟ್ಟಿದ್ದು ಲೂಯಿಸಿಯಾನಾದ ಕಬ್ಬಿನ ಗದ್ದೆಗಳ ನಡುವೆ. ಈ ಕಾಲೇಜಿಗೆ ಬಂದದ್ದು ಆಟ ಮುಗಿದ ಮೇಲೆ ಮೆಟ್ಟಿಲುಗಳ ಮೇಲಿನ ಬಾಟಲಿ, ಎಂಜಲು ಗುಡಿಸುವ ಕೆಲಸಕ್ಕೆ. ಹುಲ್ಲಿನ ಕೆಲಸಕ್ಕೆ ಎಳೆದುಕೊಂಡವರು ಆಗಿನ ಮೇಸ್ತ್ರಿ ಆಲ್ಸೀ ಬಟೀಸ್ಟ್. ಗುಡಿಸುವ ಹೆಂಗಸರೆಲ್ಲ ಮನೆಗೆ ಹೋಗುವಾಗ ಮೈದಾನದ ನಡುವೆಯೇ ಹಾದು ಹೋಗುತ್ತಿದ್ದರೆ, ಇವರೊಬ್ಬರು ಸುತ್ತು ಹಾಕಿಕೊಂಡು ಅಂಚಿನಲ್ಲಿ ನಡೆಯುತ್ತಿದ್ದರು. ಆಲ್ಸೀ ಅದನ್ನು ನೋಡಿದರು. "ಏಯ್, ಹುಲ್ಲು ತುಳೀದೆ ಹೋಗೋಳೇ, ಬಾ ಇಲ್ಲಿ" ಎಂದು ಕರೆದದ್ದೇ ಕೆಲಸದ ಆದೇಶ.

ಬೇಸಿಗೆಯಲ್ಲಿ ಈ ಗರಿಕೆಯನ್ನು ದಿನ ಬಿಟ್ಟು ದಿನ ಕತ್ತರಿಸಬೇಕು. ಹಸಿರು ಹುಳು ಬಿದ್ದರೆ ಬೆಳಗಾಗುವುದರೊಳಗೆ ಮೂಲೆಯೊಂದು ಬೋಳಾಗಿರುತ್ತದೆ. ಅಕ್ಟೋಬರ್ ಬಂತೆಂದರೆ ಗರಿಕೆ ಚಳಿಗೆ ಕಂದಿ ಮಲಗುವ ಮೊದಲೇ ಚಳಿಗಾಲದ ಹುಲ್ಲಿನ ಬೀಜ ಚೆಲ್ಲಬೇಕು. ಗೆರೆ ಎಳೆಯಬೇಕು, ಆಟಗಾರರ ಮೊಳೆಬೂಟು ಕಿತ್ತ ಹೆಂಟೆಗಳನ್ನು ಒಂದೊಂದಾಗಿ ಕೂರಿಸಿ ಒತ್ತಬೇಕು. ಇದ್ಯಾವುದರ ಬಗ್ಗೆಯೂ ಓಡೀಲ್ ಗೊಣಗುವುದಿಲ್ಲ. ಅವರು ಗೊಣಗುವುದು ಮಳೆಯ ಬಗ್ಗೆ, ಅಂದರೆ ಮಳೆ ಬಂದಾಗ ಆಗುವುದರ ಬಗ್ಗೆ. "ಮಿಂಚು ಹೊಡೀತಿದೆ ಅಂತ ಆಟಗಾರರನ್ನ, ಜನಾನ, ಬ್ಯಾಂಡಿನೋರನ್ನ, ಎಲ್ಲರನ್ನೂ ಒಳಗೆ ಓಡಿಸ್ತಾರೆ. ಆಮೇಲೆ ಟಾರ್ಪಾಲು ಹೊದಿಸಿ ಅಂತ ನಮ್ಮನ್ನ ಹೊರಗೆ ಓಡಿಸ್ತಾರೆ. ನಮಗೆ ಮಿಂಚು ಹೊಡೆಯಲ್ವಾ?"

ಹೀರಿದ ಬೂದಿಯನ್ನು ಅವರು ಕಸದ ತೊಟ್ಟಿಗೆ ಹಾಕುವುದಿಲ್ಲ. ಶೆಡ್ಡಿನ ಹಿಂದಿನ ಓಕ್ ಮರದ ಬುಡದಲ್ಲಿ ಗುಂಡಿ ತೋಡಿ ಮುಚ್ಚುತ್ತಾರೆ. ಆಲ್ಸೀ ಹಾಕಿಕೊಟ್ಟ ರೂಢಿ ಅದು. ಆಲ್ಸೀ ಟೋಪಿ ತೆಗೆಯುತ್ತಿದ್ದರು, ಓಡೀಲ್ ಬೈಯುತ್ತಾರೆ, ಅಷ್ಟೇ ವ್ಯತ್ಯಾಸ.

ಆಲ್ಸೀ ಹೋದದ್ದು ಕಳೆದ ವರ್ಷದ ಆಗಸ್ಟಿನಲ್ಲಿ. ಋತುವಿನ ಮೊದಲ ಅಭ್ಯಾಸದ ವಾರ, ಮರುದಿನ ಫೋಟೋದವರು ಬರುವವರಿದ್ದರು. ಗೆರೆಗಳು ಸಂಜೆಯೊಳಗೆ ಮುಗಿಯಲೇಬೇಕು ಎಂಬ ಅಪ್ಪಣೆ. ನೆತ್ತಿ ಸೀಳುವ ಬಿಸಿಲಲ್ಲಿ ನಲವತ್ತು ಗಜದ ಗೆರೆ ಎಳೆಯುತ್ತಿದ್ದ ಆಲ್ಸೀ ಬಣ್ಣದ ಗಾಡಿಯ ಮೇಲೇ ಕುಸಿದರು. ಪಕ್ಕದಲ್ಲೇ ಆಟಗಾರರ ಬಿಳಿ ಡೇರೆ ಇತ್ತು. ಅದರೊಳಗೆ ತುಂತುರು ನೀರಿನ ಫ್ಯಾನುಗಳು, ಮುಳುಗಿ ಕೂರಲು ಐಸಿನ ತೊಟ್ಟಿಗಳು. ಓಡೀಲ್ ಮತ್ತು ಜೊತೆ ಕೆಲಸದ ಮಿಲ್ಟನ್ ಅವರನ್ನು ಹೊತ್ತುಕೊಂಡು ಅಲ್ಲಿಗೇ ಓಡಿದರು. ಡೇರೆಯ ಸುತ್ತ ಕಟ್ಟಿದ್ದ ಹಗ್ಗದ ಬಳಿ ನಿಂತಿದ್ದ ಕಾವಲಿನವನು ಕೈ ಅಡ್ಡ ಹಿಡಿದ.

"ಇದು ತಂಡಕ್ಕೆ ಮಾತ್ರ. ಯಾರನ್ನಾದ್ರೂ ಕೇಳಿ ಹೇಳ್ತೀನಿ, ಇರಿ."

ಅವನು ಯಾರನ್ನೋ ಕೇಳಲು ಹೋದ. ಮಿಲ್ಟನ್ ಹಗ್ಗ ಕಿತ್ತೆಸೆದು ಆಲ್ಸೀಯನ್ನು ಐಸಿಗಿಳಿಸುವಷ್ಟರಲ್ಲಿ ಅವರ ಮಾತು ನಿಂತಿತ್ತು. ಎರಡನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಾಲೇಜಿನಿಂದ ಅವರ ಮನೆಗೆ ಹಣ್ಣಿನ ಬುಟ್ಟಿ ಬಂತು. "ಹಣ್ಣು! ಐಸು ಕೊಡದೋರು ಹಣ್ಣು ಕೊಟ್ರು" ಎನ್ನುತ್ತಾರೆ ಓಡೀಲ್, ಇವತ್ತಿಗೂ.

ಅದಾಗಿ ಎರಡು ತಿಂಗಳಿಗೆ ಮೈದಾನದ ಉಸ್ತುವಾರಿ ಅಧಿಕಾರಿ ಕ್ಲೇಟನ್ ವಾರ್ಡ್ಲಾ ಹೊಸ ಯೋಜನೆ ತಂದರು. ಕದ್ದು ಸುರಿಯುವುದನ್ನು ತಡೆಯಲು ಉತ್ತರದ ಅಂಚಿನಲ್ಲಿ ಒಂದು ಪಟ್ಟಿ ನೆಲ ಬಿಡುವುದು, ಕಾಲೇಜಿನ ದೊಡ್ಡ ದಾನಿಗಳ ಬೂದಿಯನ್ನು ಅಲ್ಲಿ ಹುಲ್ಲಿನಡಿ ಇಡುವುದು, ಮೇಲೊಂದು ಹೆಸರಿನ ಕಲ್ಲು. ಅಗೆಯುವ ಕೆಲಸ ಓಡೀಲರದು. ಅವರು ಗುದ್ದಲಿ ಹಿಡಿದುಕೊಂಡೇ ವಾರ್ಡ್ಲಾರ ಕೋಣೆಗೆ ಹೋದರು.

"ಮೊದಲ್ನೇ ಕಲ್ಲು ಆಲ್ಸೀದು ತಾನೇ?"

"ಮಿಸ್ ಓಡೀಲ್, ಆಲ್ಸೀ ಅಂದ್ರೆ ನಮಗೆಲ್ಲ ತುಂಬಾ ಗೌರವ. ಆದ್ರೆ ಇದು ದಾನಿಗಳಿಗೆ ಮಾತ್ರ. ಬೇಕಾದ್ರೆ ನಿಮ್ಮ ಶೆಡ್ಡಿನ ಗೋಡೆಗೆ ಒಂದು ಫಲಕ ಹಾಕಿಸೋಣ."

"ಶೆಡ್ಡಿಗೆ! ನಿಮ್ಮ ದಾನಿ ವರ್ಷಕ್ಕೆ ನಾಲ್ಕು ಸಲ ಬಂದು ಬಿಯರ್ ಕುಡಿದು ಹೋದೋನು ಸ್ವಾಮಿ. ಆಲ್ಸೀ ಈ ಹುಲ್ಲಲ್ಲೇ ಬಿದ್ದು ಸತ್ತ. ಇನ್ನೇನು ದಾನ ಮಾಡಬೇಕಿತ್ತು ಅವನು?"

ಗುದ್ದಲಿಯನ್ನು ಆ ಮೇಜಿನ ಮೇಲಿಟ್ಟು ಹೊರಗೆ ಬಂದರು. ಅವರನ್ನು ಹತ್ತು ದಿನ ಕೆಲಸದಿಂದ ಹೊರಗಿಟ್ಟರು. ಅಷ್ಟರಲ್ಲಿ ಗುತ್ತಿಗೆಯವರು ಬಂದು ಅಗೆದರು, ಕಲ್ಲುಗಳು ಕೂತವು, ಪಾದ್ರಿ ಬಂದು ಹರಸಿದರು. ಓಡೀಲ್ ಸೋತರು.

ಸೋತವರು ಸುಮ್ಮನಿರಲಿಲ್ಲ. ಒಂದು ಸಂಜೆ ಆಲ್ಸೀಯ ಹೆಂಡತಿ ಯೂಲಾ ಬಳಿ ಹೋದರು. ಯೂಲಾ ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು. ಓಡೀಲ್ ಪಕ್ಕದಲ್ಲಿ ಕೂತು, ತಾವೂ ಎರಡು ಸುಲಿದು, ದನಿ ತಗ್ಗಿಸಿ ಹೇಳಿದರು: "ಅವನ ಬೂದಿ ಒಂದು ಹಿಡಿ ಕೊಡು ಸಾಕು. ನಸುಕಲ್ಲಿ ನಾನೊಬ್ಳೇ ಇರ್ತೀನಿ. ನಲವತ್ತು ಗಜದ ಹತ್ರ ಹಾಕ್ತೀನಿ. ಗುಡಿಸೋಳೂ ನಾನೇ ಅಲ್ವಾ, ಗುಡಿಸಲ್ಲ."

ಯೂಲಾ ಕೈಯಲ್ಲಿದ್ದುದನ್ನು ಬೋಗುಣಿಗೆ ಎಸೆದರು. "ಅವನು ಬಿದ್ದ ಜಾಗಕ್ಕೇ ತಿರುಗಿ ಹಾಕ್ತೀಯೇನೇ?"

"ಅವನ ಜಾಗ ಅದು, ಯೂಲಾ."

"ಯಾರು ಹೇಳಿದ್ರು ನಿಂಗೆ? ಮಗಳ ಮದುವೆ ದಿನ ಹುಲ್ಲಿಗೆ ಹುಳ ಬಿದ್ದಿದೆ ಅಂತ ಎದ್ದು ಓಡಿದ. ಬರೋ ಹೊತ್ತಿಗೆ ಕೇಕು ಮುಗಿದು ನೆಂಟರು ಚಪ್ಪಲಿ ಹುಡುಕ್ತಿದ್ರು. ಬದುಕಿದ್ದಾಗ ಪೂರ್ತಿ ತಿಂತು ಆ ಹುಲ್ಲು ಅವನ್ನ. ಈಗ ಟೀವಿ ಪಕ್ಕ ಕೂತಿದಾನೆ, ನನ್ನ ಜೊತೆ. ಒಂದು ಚಿಟಿಕೆನೂ ಕೊಡಲ್ಲ, ಹೋಗು."

ಯೂಲಾ ಇನ್ನೊಂದು ಸಿಗಡಿ ಎತ್ತಿಕೊಂಡರು. "ಅವನ ಕಲ್ಲಿಗೋಸ್ಕರ ಅಷ್ಟು ಕೂಗಾಡಿದ್ಯಲ್ಲ, ಒಂದ್ಸಲ ನನ್ನ ಕೇಳಿದ್ಯಾ? ಜಗಳ ಆಡ್ಲೇಬೇಕು ಅಂದ್ರೆ ಬದುಕಿರೋರಿಗೋಸ್ಕರ ಆಡು. ನಾಳೆ ಮಿಲ್ಟನ್ ಬಿದ್ರೆ ಎಲ್ಲಿಗೆ ಹೊತ್ಕೊಂಡು ಓಡ್ತೀಯ? ಮತ್ತೆ ಆ ಹಗ್ಗದ ಹತ್ರಕ್ಕಾ?"

ಮನೆ ಮುಟ್ಟುವವರೆಗೂ ಕಾರಿನೊಳಗೆ ಓಡೀಲ್ ಯೂಲಾರನ್ನು ಬೈದರು. ಮನೆ ಮುಟ್ಟಿದ ಮೇಲೆ ತಮ್ಮನ್ನೇ ಬೈದುಕೊಂಡರು. "ವಾರ್ಡ್ಲಾನೂ ಅವಳನ್ನ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಮ್ಮಿಬ್ರಿಗೂ ಏನು ವ್ಯತ್ಯಾಸ ಉಳೀತು?"

ಈ ವರ್ಷದ ಆಗಸ್ಟ್ ಬಂತು. ಮತ್ತೆ ಅದೇ ವಾರ, ಮತ್ತೆ ಫೋಟೋದವರು. ನೆತ್ತಿಗೆ ಬಿಸಿಲು ಏರುವ ಹೊತ್ತಿಗೆ ಅರ್ಧ ಮೈದಾನಕ್ಕೆ ಗೆರೆ ಬಿದ್ದಿತ್ತು, ಇನ್ನರ್ಧ ಬರೀ ಹಸಿರು. ಓಡೀಲ್ ಗಾಡಿ ನಿಲ್ಲಿಸಿದರು. ಎಲ್ಲರೂ ಹೋಗಿ, ಆಟಗಾರರು ಮೈದಾನಕ್ಕೆ ಬರುವ ಸುರಂಗದ ನೆರಳಿನಲ್ಲಿ ಕೂತರು. ವಾರ್ಡ್ಲಾ ಓಡಿ ಬಂದರು.

"ಏನಿದು, ಮಿಸ್ ಓಡೀಲ್? ಇನ್ನರ್ಧ?"

"ನಮಗೂ ಡೇರೆ ಬರ್ಲಿ. ಫ್ಯಾನು, ಐಸು ಬರ್ಲಿ. ಆಮೇಲೆ ಇನ್ನರ್ಧ."

"ನಾಳೆ ಫೋಟೋದೋರು ಬರ್ತಿದಾರೆ!"

"ಬರ್ಲಿ ಬಿಡಿ. ಈ ಅರ್ಧ ಚೆನ್ನಾಗೇ ಬಂದಿದೆ, ಇದನ್ನೇ ತೆಗೀಲಿ."

"ನಿಮ್ಮನ್ನ ಕೆಲಸದಿಂದ ತೆಗೀಬೇಕಾಗುತ್ತೆ."

ಆಗ ದಿನಕ್ಕೆ ನಾಲ್ಕು ಮಾತೂ ಆಡದ ಮಿಲ್ಟನ್ ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿದರು. "ಬಣ್ಣದ ಗಾಡಿ ತಳ್ಳೋಕೆ ಬರುತ್ತಾ, ಸಾರ್? ಬರದಿದ್ರೆ ಈಗ್ಲೇ ಹೇಳ್ಕೊಟ್ಟು ಹೋಗ್ತೀನಿ. ನಾನೂ ಅವರ ಜೊತೆಗೇ ಹೊರಡೋನು." ಉಳಿದವರೂ ಎದ್ದರು. ವಾರ್ಡ್ಲಾ ಅರ್ಧ ಹಸಿರನ್ನೂ ಇವರ ಮುಖಗಳನ್ನೂ ನೋಡಿ, ಫೋನ್ ಹಿಡಿದುಕೊಂಡು ಆಚೆ ಹೋದರು.

ಇಳಿಹೊತ್ತಿಗೆ ಡೇರೆ ಬಂತು. ಹಳೆಯದು, ಎರಡು ಫ್ಯಾನಿನಲ್ಲಿ ಒಂದು ತಿರುಗುವುದಿಲ್ಲ. ಐಸಿನ ತೊಟ್ಟಿ ಎಂದು ಕೊಟ್ಟದ್ದು ದನಗಳಿಗೆ ನೀರಿಡುವ ತಗಡಿನ ಬಾನಿ. ಆದರೂ ಬಂತು, ಮತ್ತು ಅದಕ್ಕೆ ಹಗ್ಗ ಕಟ್ಟಲು ಓಡೀಲ್ ಬಿಡಲಿಲ್ಲ. ಕಾವಲಿನವನನ್ನೂ ಕರೆದು ಹೇಳಿದರು, ಬಿಸಿಲು ತಡೆಯಲಾಗದಿದ್ದರೆ ನೀನೂ ಬಾ ಎಂದು.

ಸಿಟ್ಟು ಮಾತ್ರ ಇಳಿದಿಲ್ಲ. ದಾನಿಗಳ ಕಲ್ಲುಗಳ ಸುತ್ತಲಿನ ಹುಲ್ಲನ್ನೂ ಈಗ ಇವರೇ ಕತ್ತರಿಸಬೇಕು. ಕತ್ತರಿಸುತ್ತಾರೆ, ನೀಟಾಗಿಯೇ. "ಹುಲ್ಲೇನು ಪಾಪ ಮಾಡಿದೆ?" ಆ ಕಡೆ ಹೋದಾಗಲೆಲ್ಲ ಹಲ್ಲು ಕಚ್ಚುವುದು ದೂರದಿಂದಲೂ ಕಾಣುತ್ತದೆ. ಮಿಂಚಿನಲ್ಲಿ ಟಾರ್ಪಾಲು ಎಳೆಯುವುದು ಇನ್ನೂ ನಿಂತಿಲ್ಲ, ಮುಂದಿನ ಜಗಳ ಅದಕ್ಕೆ ಎಂದು ವಾರ್ಡ್ಲಾರಿಗೆ ಮೊದಲೇ ಹೇಳಿಟ್ಟಿದ್ದಾರೆ.

ಅದೇ ಭಾನುವಾರದ ಮಧ್ಯಾಹ್ನ. ಅಕ್ಟೋಬರ್ ಆದರೂ ಬಿಸಿಲು ಬೆನ್ನು ಬಿಟ್ಟಿಲ್ಲ. ಡೇರೆಯ ಕೆಳಗೆ ಐದಾರು ಜನ ಕಾಲು ಚಾಚಿ ಕೂತು ಅನ್ನ, ಕೆಂಪು ಬೀನ್ಸ್ ತಿನ್ನುತ್ತಿದ್ದಾರೆ. ತಿರುಗುವ ಒಂದು ಫ್ಯಾನಿನ ಎದುರು ಯಾರು ಕೂರಬೇಕೆಂಬ ಚೌಕಾಸಿ ನಡೆದಿದೆ. ಮಿಲ್ಟನ್ ನಗುತ್ತಾ ಕೇಳುತ್ತಾರೆ: "ಮಿಸ್ ಓಡೀಲ್, ನಿಮ್ಮ ಬೂದಿ ಎಲ್ಲಿ ಹಾಕೋಣ? ಈಗ್ಲೇ ಹೇಳಿಬಿಡಿ, ಆಮೇಲೆ ದೆವ್ವ ಆಗಿ ಬಂದು ಬೈಯ್ಬೇಡಿ."

ಓಡೀಲ್ ತಟ್ಟೆ ಕೆಳಗಿಟ್ಟು, ಬೂಟು ಬಿಚ್ಚಿ, ಎರಡೂ ಕಾಲನ್ನು ಐಸಿನ ಬಾನಿಗೆ ಇಳಿಬಿಡುತ್ತಾರೆ.

"ನನ್ನನ್ನ ಸುಡೋದೇ ಬೇಡ ಕಣಪ್ಪ, ಹೂತುಬಿಡಿ. ಈ ಬಿಸಿಲಲ್ಲಿ ಸುಟ್ಟಿದ್ದು ಸಾಕು."