ನೀಲಿ ಬಣ್ಣದ ಕೆಳಗಿನ ವ್ಯಾನು

ಡುಫಿಯನ್ನು ಮೊದಲ ಸಲ ಕಂಡಾಗ ಯಾರನ್ನೋ ಕೊಂದು ಬಂದವಳೆಂದೇ ತಿಳಿದೆ. ಕೈಯೆಲ್ಲ ಮೊಣಕೈವರೆಗೆ ಕೆಂಪು, ಸೊಂಟದಲ್ಲಿ ಅಗಲವಾದ ಚಾಕು. ಊರಿಗೆಲ್ಲ ಧೈರ್ಯ ಹೇಳುವ ಮೇಷ್ಟ್ರಾದ ನಾನು ಮೆಲ್ಲಗೆ ಪಾಯಖಾನೆಯ ಹಿಂದೆ ಸರಿದು ನಿಂತಿದ್ದೆ. ಆಮೇಲೆ ಗೊತ್ತಾಯಿತು, ಅದು ಬಣ್ಣ. ನಮ್ಮ ಕುಮಾಸಿ ಪಟ್ಟಣದ ಬಾಡಿಗೆ ವ್ಯಾನುಗಳ ಬೆನ್ನ ಮೇಲೆ ಹೆಸರು ಬರೆಯುವುದು ಅವಳ ಕಸುಬು. ಹೆಸರಿಲ್ಲದ ವ್ಯಾನನ್ನು ಇಲ್ಲಿ ಯಾರೂ ಹತ್ತುವುದಿಲ್ಲ. ಅಪಘಾತದಲ್ಲಿ ಜನ ಸತ್ತರಂತೂ ಆ ಹೆಸರು ಕಂಡರೇ ದೂರ ಓಡುತ್ತಾರೆ.

ಬದು ಎಂಬ ಅವಳ ತಮ್ಮ ಬಾಡಿಗೆಗೆ ಓಡಿಸಲೆಂದು ಹಳೆಯ ವ್ಯಾನೊಂದನ್ನು ಕೊಳ್ಳಲು ಹೊರಟ. ತಿಳಿದವರೆಂದು ನನ್ನನ್ನೂ ಕರೆದೊಯ್ದರು. ನಾನು ಚಕ್ರಗಳನ್ನು ಒದ್ದು ನೋಡಿ ಗಂಭೀರವಾಗಿ ತಲೆಯಾಡಿಸಿದೆ. ಮಾರುವವನು ಒಪೊಂಗ್, ಯಾವ ಚುನಾವಣೆಯಲ್ಲೂ ಗೆಲ್ಲದಿದ್ದರೂ ತನ್ನನ್ನು ‘ಮಾನ್ಯರೇ’ ಎಂದೇ ಕರೆಯಬೇಕೆನ್ನುವ ಆಸಾಮಿ.

"ಒಬ್ಬನೇ ಓಡ್ಸಿದ್ದು ತಂಗೀ. ಒಂದು ಗೀರೂ ಬಿದ್ದಿಲ್ಲ."

ಡುಫಿ ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ನೇರ ವ್ಯಾನಿನ ಹಿಂದಕ್ಕೆ ಹೋಗಿ ಚಾಕುವಿನಿಂದ ನೀಲಿ ಬಣ್ಣ ಹೆರೆಯತೊಡಗಿದಳು.

"ಏಯ್, ಬಣ್ಣ ಕೆಡಿಸ್ಬೇಡ ಕಣೇ!"

"ಯಾಕೆ, ಬೆನ್ನು ತೋರ್ಸೋಕೆ ನಾಚ್ಕೆನಾ ಮಾನ್ಯರಿಗೆ?"

ನೀಲಿಯ ಕೆಳಗಿಂದ ಹಳದಿ ಅಕ್ಷರಗಳು ಎದ್ದವು: ‘ತಾಯಿ ಹರಕೆ’. ಅವಳದೇ ಕೈಬರಹ. ಆ ವ್ಯಾನು ಹೋದ ವರ್ಷ ಮರದ ದಿಮ್ಮಿಯ ಲಾರಿಗೆ ಗುದ್ದಿ ನಡುವೆ ಹರಿದು ಎರಡಾಗಿತ್ತು. ಚಾಲಕನೂ ಎರಡಾಗಿದ್ದ.

"ಬದೂ, ಮುಟ್ಬೇಡ! ಬೆಸುಗೆ ಹಾಕಿದ ಹೆಣ ಕಣೋ ಇದು!"

ಒಪೊಂಗನ ಆಳುಗಳು ಅವಳ ಜಡೆ ಹಿಡಿದೆಳೆದು ಮುಖವನ್ನು ಬಾಗಿಲಿಗೆ ಅಪ್ಪಳಿಸಿದರು. ಮುಂದಿನ ಹಲ್ಲು ಉದುರಿತು. ಬಿಡಿಸಲು ಹೋದ ಬದುವಿನ ನೆತ್ತಿಗೆ ಜ್ಯಾಕ್ ರಾಡು ಬಿತ್ತು. "ಕಾನೂನಿನ ಪ್ರಕಾರ..." ಎಂದು ನಾನು ಶುರು ಮಾಡಿದೆ, ಹೊಟ್ಟೆಗೆ ಬಿದ್ದ ಗುದ್ದಿಗೆ ವಾಕ್ಯ ಅಲ್ಲೇ ನಿಂತಿತು. ಡುಫಿ ರಕ್ತ ಉಗಿದು, ಚಕ್ರ ಬಿಚ್ಚುವ ಸ್ಪ್ಯಾನರ್ ಎತ್ತಿ ಒಪೊಂಗನ ಮೊಣಕಾಲಿಗೆ ಬೀಸಿದಳು. ಚಿಪ್ಪು ಒಡೆದ ಸದ್ದು ನನಗೂ ಕೇಳಿಸಿತು. ಮಾನ್ಯರು ಹಸುಗೂಸಿನಂತೆ ಅತ್ತರು. ಮುಂದಿನ ಏಟು ವ್ಯಾನಿನ ನಡುವಿಗೆ ಬಿತ್ತು: ಸಂದು ಮುಚ್ಚಲು ಮೆತ್ತಿದ್ದ ಪುಟ್ಟಿ ಉದುರಿ, ಬೆಸುಗೆಯ ಗೆರೆ ಹಳೆಯ ಗಾಯದ ಹಾಗೆ ಬಾಯಿಬಿಟ್ಟಿತು. ಆಳುಗಳು ಒಡೆಯನನ್ನು ಎತ್ತಲು ಓಡಿದಾಗ ಅವಳು ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಹೊರಬಿದ್ದಳು.

ಮರುವಾರ ನೋಡಲು ಹೋದೆ. ತಲೆಗೆ ಹೊಲಿಗೆ ಹಾಕಿಸಿಕೊಂಡ ಬದು ಚಾಪೆಯ ಮೇಲೆ ನರಳುತ್ತಿದ್ದ. ಅಕ್ಕ ಊದಿದ ತುಟಿಯಲ್ಲೇ ಗೆಣಸಿನ ಮುದ್ದೆ ಫುಫುವನ್ನು ನುಂಗುತ್ತಿದ್ದಳು. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ:

"ಅಲ್ಲಮ್ಮಾ, ಇಂಜಿನ್ನಾದ್ರೂ ಚೆನ್ನಾಗಿತ್ತಾ?"

"ಚೆನ್ನಾಗೇ ಇತ್ತು ಮೇಷ್ಟ್ರೇ. ವ್ಯಾನು ಮತ್ತೆ ಎರಡಾದ್ರೂ ಇಂಜಿನ್ನು ಊರು ಸೇರ್ತಿತ್ತು. ನನ್ನ ತಮ್ಮ ರಸ್ತೇಲೇ ಉಳೀತಿದ್ದ."