ಹೆಬ್ಬಾತಿಗೆ ಎತ್ತದ ರೈಫಲ್

ಯೂನಿಯನ್ ಸಿಟಿಯ ಅಂಚಿನಲ್ಲಿ, ಉಪ್ಪಿನ ಕೊಳಗಳ ನಡುವಿನ ಏರಿಯ ಮೇಲೆ ನಿಂತ ಸ್ಟೇಷನ್ ವ್ಯಾಗನ್ನಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನನ್ನು ಇಲ್ಲಿಗೆ ಕರೆತಂದವನು ಹಳೆಯ ಗೆಳೆಯ, ಮಡಿಕೇರಿಯ ಡಾಕ್ಟರ್ ಪೂವಯ್ಯ. ಹೊಸ ರೈಫಲ್ಲಿನಿಂದ ಹೆಬ್ಬಾತು ಹೊಡೆದು ತೋರಿಸುವುದು ಅವನ ಆಸೆ.

"ಒಮ್ಮೆಗೇ ಹತ್ತಾರು ಚರೆ ಹಾರಿಸೋ ಶಾಟ್‌ಗನ್ನು ಮಕ್ಕಳಾಟ ಕಣೋ. ನಮ್ಮೂರ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ನಾವು ಹೊಡೆಯೋದು ಒಂದೇ ಗುಂಡು."

ಅವನು ಗುಂಡು ತುಂಬುವ ಮೊದಲೇ ಬೇಟೆ ವಾರ್ಡನ್ ಬಂದು ಲೈಸೆನ್ಸು ನೋಡಿದ.

"ಲೈಸೆನ್ಸು ಸರಿ. ಆದರೆ ವಲಸೆ ಹಕ್ಕಿಗೆ ರೈಫಲ್ ಹಾರಿಸೋದು ಅಪರಾಧ. ಗುರಿ ತಪ್ಪಿದರೆ ಗುಂಡು ಎಲ್ಲಿ ಬೀಳುತ್ತೆ, ಡಾಕ್ಟರ್?"

"ನೀರಿಗೆ."

"ನೀರಿಗೆ ತಾಗಿ ಪುಟಿದು ಬಹಳ ದೂರ ಹೋಗುತ್ತೆ," ಎಂದು ವಾರ್ಡನ್ ಬೆರಳು ತೋರಿಸಿದ. ಎದುರಿನ ಏರಿಯ ಮೇಲೆ ಇಬ್ಬರು ಮೀನು ಹಿಡಿಯುತ್ತಿದ್ದರು.

"ನಮ್ಮೂರಲ್ಲಾದರೆ ಗುಂಡು ತಡೆಯೋಕೆ ಹಿಂದೆ ಬೆಟ್ಟ ಇರ್ತಿತ್ತು," ಎಂದು ಪೂವಯ್ಯ ನನಗಷ್ಟೇ ಕೇಳುವಂತೆ ಹೇಳಿದ.

ವಾರ್ಡನ್ ತೋರಿಸುವ ಮೊದಲೇ ಆ ಇಬ್ಬರನ್ನು ನಾನು ಕಂಡಿದ್ದೆನೇ? ಕಂಡಿದ್ದೆ ಎಂದು ನೆನಪು ಆಗಲೇ ಹೇಳತೊಡಗಿದೆ. ಅದನ್ನು ನಂಬಲಾರೆ.

ಎಚ್ಚರಿಕೆಯಷ್ಟೇ ಕೊಟ್ಟು ವಾರ್ಡನ್ ಹೊರಟುಹೋದ. ಪೂವಯ್ಯ ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಎದುರಿನ ಏರಿಯ ಮೇಲೆ ಅವರಲ್ಲೊಬ್ಬ ಒಂದು ಸಣ್ಣ ಮೀನನ್ನು ಎತ್ತಿ ನಮಗೆ ತೋರಿಸಿದ. ಆ ಮೀನಿಗೆ ಸಲ್ಲುವುದಕ್ಕಿಂತ ಹೆಚ್ಚು ಹೊತ್ತು ನಾವಿಬ್ಬರೂ ಕೈ ಬೀಸಿದೆವು.