ಬೋರ್ಡಲ್ಲಿರೋ ಬೋರಲಿಂಗಯ್ಯ

ತಿಪ್ಪಸಂದ್ರದ ಹತ್ತಿರದ ಒಂದು ಹಳ್ಳಿಯ ಹಾಲಿನ ಡೇರಿಗೆ ಬೋರಲಿಂಗಯ್ಯನವರು ಸೆಕ್ರೆಟರಿ. ಮೇಷ್ಟರಾಗಬೇಕೆಂಬ ಆಸೆ ಎಸ್ಸೆಸ್ಸೆಲ್ಸಿಯ ಗಣಿತಕ್ಕೆ ಸಿಕ್ಕಿ ಅಲ್ಲೇ ಉಳಿಯಿತು. ಕರಿಹಲಗೆಯ ಮೋಹ ಮಾತ್ರ ಹೋಗಲಿಲ್ಲ. ಡೇರಿಯ ಗೋಡೆಗೊಂದು ಹಲಗೆ ಹಾಕಿಸಿ, ದಿನಾ ಬೆಳಗಿನ ಹಾಲು ಬರುವ ಮುಂಚೆ ಬದುಕಿನ ಬಗ್ಗೆ ಒಂದು ಮಾತು ಬರೆಯುತ್ತಾರೆ. ‘ಹೊಗಳಿಕೆ ಬಯಸದವನೇ ದೊಡ್ಡವನು’ ಎಂದು ಬರೆದು, ಯಾರಾದರೂ ಹೊಗಳಿಯಾರೇ ಎಂದು ಕಿವಿ ನಿಮಿರಿಸಿ ಕೂರುತ್ತಾರೆ. ತಾಳ್ಮೆಯ ಬಗ್ಗೆ ಬರೆದ ದಿನವೇ ಮುದ್ದೆ ತಡವಾಯಿತೆಂದು ತಟ್ಟೆ ಕುಟ್ಟುತ್ತಾರೆ.

“ನಮ್ಮಪ್ಪ ನನ್ನ ಕೊಟ್ಟಿದ್ದು ಮನೇಲಿರೋ ಬೋರಲಿಂಗಯ್ಯಂಗೆ. ಆ ಬೋರ್ಡಲ್ಲಿರೋನು ಯಾರ್ ಗಂಡನೋ ಕಾಣೆ” ಎನ್ನುತ್ತಾರೆ ಹೆಂಡತಿ ಕೆಂಚಮ್ಮ.

ಒಂದು ಪದ್ಧತಿಯನ್ನು ಮಾತ್ರ ಅವರು ಮುರಿದವರಲ್ಲ. ಬರೆದ ಮಾತನ್ನು ಮಾರನೆಯ ಬೆಳಗಿನವರೆಗೆ ಅಳಿಸುವುದಿಲ್ಲ.

ಅವರ ಸೊಸೆ ರಮ್ಯಾ ಬೆಂಗಳೂರಿನಲ್ಲಿ ಓದಿ ಬೆಳೆದವಳು. ಮಗು ಭಾನುಪ್ರಿಯ ಕೆಮ್ಮಿದರೆ ಸಾಕು, ಥರ್ಮಾಮೀಟರ್ ಹಿಡಿದು ಓಡುತ್ತಾಳೆ. ಇದನ್ನೆಲ್ಲ ನೋಡುತ್ತಿದ್ದ ಬೋರಲಿಂಗಯ್ಯನವರು ಒಂದು ಬೆಳಗ್ಗೆ ದುಂಡಗೆ ಬರೆದರು: ‘ಮಗುವನ್ನು ಬೆಳೆಸುವುದು ಅಕ್ಕರೆ, ಆತಂಕವಲ್ಲ.’

ಹಾಲು ಹಾಕಲು ಬಂದವರಿಗೆಲ್ಲ ಅರ್ಥವಾಯಿತು. ಪಕ್ಕದ ಮನೆಯ ನಟರಾಜು ಬಿಟ್ಟಾನೆಯೇ? “ಏನ್ ರಮ್ಯಮ್ಮ, ಇವತ್ತು ಮಗೀಗೆ ಎಷ್ಟು ಡಿಗ್ರಿ?”

ರಮ್ಯಾಳ ಕಣ್ಣು ತುಂಬಿತು. “ಮಾವ, ಅದನ್ನ ಅಳಿಸಿಬಿಡಿ. ಊರೆಲ್ಲ ನಗ್ತಿದೆ.”

“ಯಾರ್ ಹೆಸ್ರೂ ಬರ್ದಿಲ್ವಲ್ಲವ್ವ. ಬರ್ದದ್ದು ನಾಳೆಗಂಟ ಇರ್ಬೇಕು.”

“ಹಾಗಾದ್ರೆ ಇವತ್ತು ಭಾನೂನ ನೀವೇ ಅಕ್ಕರೆಯಿಂದ ನೋಡ್ಕೊಳ್ಳಿ. ನಾನು ಅತ್ತೆ ಜೊತೆ ಮಾಗಡಿಗೆ ನಾಮಕರಣಕ್ಕೆ ಹೋಗ್ತೀನಿ” ಎಂದವಳೇ ಮಗುವಿಗೆ ರಾಗಿ ಸರಿ ತಿನ್ನಿಸಿ, ತನ್ನ ಚೀಲ ಹೆಗಲಿಗೇರಿಸಿ, ಕೆಂಚಮ್ಮನ ಜೊತೆ ಬಸ್ಸು ಹತ್ತಿದಳು.

ಮಗುವನ್ನು ಡೇರಿಯಲ್ಲೇ ಚಾಪೆಯ ಮೇಲೆ ಆಡಲು ಬಿಟ್ಟು, ಬೋರಲಿಂಗಯ್ಯನವರು ಕ್ಯಾನು ತೊಳೆಯತೊಡಗಿದರು. ಭಾನು ಸೀನಿತು. ಧೂಳು, ಅಂದುಕೊಂಡರು. ಮತ್ತೆ ಸೀನಿತು. ಎದ್ದು ಕಿಟಕಿ ಹಾಕಿದರು. ಇನ್ನೊಂದು ಸೀನು ಬಂದಾಗ ಹಣೆ ಮುಟ್ಟಿ ನೋಡಿದರು. ತಣ್ಣೀರಲ್ಲಿ ನೆನೆದ ಕೈಗೆ ಹಣೆ ಕಾದ ಹೆಂಚಿನಂತಿತ್ತು. ಥರ್ಮಾಮೀಟರ್ ಎಲ್ಲಿ? ರಮ್ಯಾಳ ಚೀಲದಲ್ಲಿ. ಗೋಡೆಯ ಮೇಲೆ ಹಾಲು ಪರೀಕ್ಷೆ ಮಾಡುವ ಥರ್ಮಾಮೀಟರ್ ನೇತಾಡುತ್ತಿತ್ತು. ಅದನ್ನೇ ತೊಳೆದು, ಪಂಚೆಯಲ್ಲಿ ಒರೆಸಿ, ಮಗುವಿನ ಕಂಕುಳಲ್ಲಿಟ್ಟರು.

ಮೂವತ್ತಾರು!

ರಮ್ಯಾ ನೋಡಿದಾಗಲೆಲ್ಲ ತೊಂಬತ್ತೆಂಟು ಇರುತ್ತಿತ್ತು. ಬೋರಲಿಂಗಯ್ಯನವರು ಮೂಲೆಯಲ್ಲಿದ್ದ ಕಂಬಳಿ ಎಳೆದುಕೊಂಡರು. ಅದನ್ನು ಮಗುವಿಗೆ ಸುತ್ತಿ, ತಾವು ಬೆವರುತ್ತಾ ಫೋನ್ ಮಾಡಿದರು.

“ಅವ್ವಾ ರಮ್ಯಾ, ಮಗು ತಣ್ಣಗಾಗ್ಬುಟ್ಟೈತೆ ಕಣವ್ವ! ಬರೀ ಮೂವತ್ತಾರು ಡಿಗ್ರಿ!”

ಬಸ್ಸಿನ ಸದ್ದಿನ ನಡುವೆ ರಮ್ಯಾ ಕೇಳಿದಳು: “ಯಾವ ಥರ್ಮಾಮೀಟರ್, ಮಾವ?”

“ಡೇರೀದು… ತೊಳ್ದೇ ಇಟ್ಟೆ ಕಣವ್ವ.”

“ಅದು ಸೆಂಟಿಗ್ರೇಡು ಮಾವ, ನಮ್ಮನೇದು ಫ್ಯಾರನ್‌ಹೀಟು. ಅದರಲ್ಲಿ ಮೂವತ್ತಾರು ಅಂದ್ರೆ ಸರಿಯಾಗೇ ಇದೆ. ಭಾನು ಏನ್ಮಾಡ್ತಿದಾಳೆ?”

“ನನ್ ಮೀಸೆ ಎಳೀತಾವ್ಳೆ.”

ಹಿಂದಿನಿಂದ ಕೆಂಚಮ್ಮನ ದನಿ ಕೇಳಿಸಿತು: “ಹಾಲಿಗೆ ನೋಡ್ದಂಗೆ ಫ್ಯಾಟು ಎಷ್ಟು ಬಂತು ಅಂತಾನೂ ಕೇಳಮ್ಮ!”

“ಕಂಬಳಿ ಸುತ್ತಿದ್ರೆ ತೆಗೀರಿ ಮಾವ. ನಾನು ಇಳ್ಕೊಂಡು ಬರ್ಲಾ?”

“ಬ್ಯಾಡ ಬುಡವ್ವ” ಎಂದವರು ಮಗುವಿನ ಹಣೆ ಇನ್ನೊಮ್ಮೆ ಮುಟ್ಟಿ ನೋಡಿ, “ಬಂದ್ರೂ ಬೇಜಾರಿಲ್ಲ” ಎಂದರು.

ಸಂಜೆಯ ಹಾಲಿಗೆ ಇನ್ನೂ ಯಾರೂ ಬಂದಿರಲಿಲ್ಲ. ಬೋರಲಿಂಗಯ್ಯನವರು ಒದ್ದೆ ಬಟ್ಟೆ ಹಿಡಿದು, ಹಿಂದೆ ಮುಂದೆ ನೋಡಿ, ಹಲಗೆಯ ಕೊನೆಯ ಪದವನ್ನು ಅಳಿಸಿದರು. ಅದೇ ಜಾಗದಲ್ಲಿ, ಸ್ವಲ್ಪ ಎಂಬುದನ್ನು ಊರಿನ ಮಾತಿನಲ್ಲೇ, ಬರೆದರು: ‘ಒಸಿ ಆತಂಕ.’

ಕೆಂಚಮ್ಮ ಊರಿಗೆ ಬಂದು ಇಳಿದ ಮೇಲೆ ಸುದ್ದಿ ಹರಡಲು ಎಷ್ಟು ಹೊತ್ತು? ಸಂಜೆ ಹಾಲು ತಂದ ನಟರಾಜು ಹಲಗೆಯನ್ನು ಗಟ್ಟಿಯಾಗಿ ಓದಿದ. “ಬೋರಣ್ಣ, ಒಸಿ ಅಂದ್ರೆ ಎಷ್ಟು ಡಿಗ್ರಿ?”

ಬೋರಲಿಂಗಯ್ಯನವರು ತಲೆ ಎತ್ತದೆ ಹಾಲು ಅಳೆಯುತ್ತಿದ್ದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದ ರಮ್ಯಾ ಹಲಗೆಯನ್ನು ಇನ್ನೊಮ್ಮೆ ಓದಿ, ನಟರಾಜುವಿನ ಕಡೆ ತಿರುಗಿದಳು.

“ಯಾವ ಥರ್ಮಾಮೀಟರಲ್ಲಿ ಹೇಳ್ಬೇಕು ನಟರಾಜಣ್ಣ, ಮಾವಂದ್ರಲ್ಲೋ, ನಂದ್ರಲ್ಲೋ?”